ಎರಡು ಚುಕ್ಕೆ

ನಮ್ಮಪ್ಪನಿಗೆ ಅರಳುಮರಳು ಎಂದು ಊರಿಗೆಲ್ಲ ಸಾರಿದವಳು ನಾನೇ. ಅದು ನಿಜವಾಗಿ ಬರುವುದಕ್ಕೆ ಒಂದು ವರ್ಷ ಮೊದಲೇ ಸಾರಿಬಿಟ್ಟಿದ್ದೆ. ಇಷ್ಟು ಮುಂದಾಲೋಚನೆ ಇರುವ ಮಗಳು ಎಷ್ಟು ಜನಕ್ಕೆ ಸಿಗುತ್ತಾಳೆ ಹೇಳಿ.

ಅಪ್ಪ ಗಡಿಯಾರ ರಿಪೇರಿಯವರು. ಔಷಧಿ ಅಂಗಡಿಗೂ ಬಟ್ಟೆ ಅಂಗಡಿಗೂ ನಡುವೆ, ಇಬ್ಬರು ಗಿರಾಕಿಗಳು ಬಂದರೆ ಮೂರನೆಯವನು ಬೀದಿಯಲ್ಲೇ ನಿಲ್ಲಬೇಕಾದಷ್ಟು ಜಾಗದಲ್ಲಿ, ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನಲವತ್ತು ವರ್ಷ ಕೂತಿದ್ದರು. ನನಗೆ ಹತ್ತು ವರ್ಷವಿದ್ದಾಗ ಒಂದು ದಿನ ಅವರ ಮೇಜಿನ ಮೇಲಿದ್ದ ತಟ್ಟೆಗೆ ನನ್ನ ಕೈ ತಗುಲಿ, ಯಾರದೋ ಕೈಗಡಿಯಾರದ ಅಷ್ಟೂ ಹಲ್ಲುಚಕ್ರ, ಅಷ್ಟೂ ತಿರುಪು ನೆಲದ ಪಾಲಾದವು. ಅಪ್ಪ ಹೊಡೆಯಲಿಲ್ಲ. ಹೊಡೆದಿದ್ದರೆ ಅತ್ತು ಮರೆತುಬಿಡುತ್ತಿದ್ದೆ. ಎದುರಿಗೆ ನಿಂತಿದ್ದ ಗಿರಾಕಿಗಳ ಕಡೆ ತಿರುಗಿ, "ನೋಡಿ, ದೇವರು ಇವಳಿಗೆ ಕೈ ಕೊಡೋ ಜಾಗದಲ್ಲಿ ಸೌಟು ಕೊಟ್ಟಿದ್ದಾನೆ" ಎಂದರು. ಎಲ್ಲರೂ ನಕ್ಕರು.

ಅಂದಿನಿಂದ ನನ್ನ ಹೆಸರೇ ಸೌಟು. ಮದುವೆಯ ದಿನ ಬೀಗರ ಎದುರಿಗೂ, "ನಮ್ಮ ಸೌಟನ್ನ ನಿಮ್ಮನೆಗೆ ಕಳಿಸ್ತಿದ್ದೀವಿ, ಗಾಜಿನ ಸಾಮಾನು ಮೇಲಿಡಿ" ಎಂದು ತಮಾಷೆ ಮಾಡಿದರು. ಬೀಗರು ಹಲ್ಲು ಕಿಸಿದರು. ನಾನೂ ಕಿಸಿದೆ. ಆ ಮೇಜಿನ ಹತ್ತಿರ ಅವರು ನನ್ನನ್ನು ಮತ್ತೆಂದೂ ಬಿಟ್ಟುಕೊಳ್ಳಲಿಲ್ಲ. ಆದರೆ ನೋಡುವವಳ ಕಣ್ಣು ಕಟ್ಟುವುದಕ್ಕಾಗುತ್ತದೆಯೇ? ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದೆ.

ಹಾಗೆ ನೋಡಿ ತಿಳಿದದ್ದರಲ್ಲಿ ಒಂದು, ಅವರ ಗುರುತು. ರಿಪೇರಿ ಮುಗಿದ ಮೇಲೆ ಗಡಿಯಾರದ ಹಿಂಬದಿಯ ಮುಚ್ಚಳದ ಒಳಗಡೆ ಸೂಜಿಯಿಂದ ತಾರೀಖು ಕೆತ್ತುತ್ತಿದ್ದರು. ಅದರ ಕೆಳಗೆ ಒಂದು ಚುಕ್ಕೆ, ಇಲ್ಲವೇ ಎರಡು. ಒಂದು ಚುಕ್ಕೆಯೆಂದರೆ ಗಡಿಯಾರ ತಾನಾಗಿ ಸವೆದು ನಿಂತದ್ದು. ಎರಡು ಚುಕ್ಕೆಯೆಂದರೆ ಯಜಮಾನನೇ ಕೈ ಹಾಕಿ ಕೆಡಿಸಿ, ಅಂಗಡಿಗೆ ಬಂದು "ಏನೂ ಮಾಡಿಲ್ಲ, ಅದಾಗೇ ನಿಂತೋಯ್ತು" ಎಂದು ಸುಳ್ಳು ಹೇಳಿದ್ದು.

"ಅವರಿಗೇ ಹೇಳಬಹುದಲ್ಲಪ್ಪ, ನೀವು ಸುಳ್ಳು ಹೇಳ್ತಿದ್ದೀರಿ ಅಂತ?" ಎಂದು ಒಮ್ಮೆ ಕೇಳಿದ್ದೆ.

"ಗಿರಾಕಿ ಮುಖಕ್ಕೆ ಹೇಳಬಾರದು," ಎಂದಿದ್ದರು ಅಪ್ಪ. "ಹೇಳಿದ್ರೆ ಮತ್ತೆ ಬರಲ್ಲ."

ಮನೆಯ ಗಡಿಯಾರಗಳಿಗೆ ಈ ಗುರುತು ಹಾಕುತ್ತಿರಲಿಲ್ಲ. ನಮ್ಮದಕ್ಕೆ ಯಾಕೆ, ಅದೇನಿದ್ದರೂ ಹೊರಗಿನವರಿಗೆ ಎನ್ನುತ್ತಿದ್ದರು.

ಅಂಗಡಿ ಮುಚ್ಚಿ, ಅಮ್ಮ ತೀರಿಕೊಂಡು, ಅಪ್ಪ ನಮ್ಮ ಫ್ಲ್ಯಾಟಿಗೆ ಬಂದ ಮೇಲೂ ಒಂದು ಗಡಿಯಾರ ಅವರ ಪಾಲಿಗೆ ಉಳಿದಿತ್ತು. ಹಳೆಯ ಪುರಭವನದ ಗೋಪುರದ್ದು. ವಾರಕ್ಕೊಮ್ಮೆ ಕೀಲಿ ಕೊಡಬೇಕು, ಎಣ್ಣೆ ಬಿಡಬೇಕು. ಆ ಕೆಲಸ ಬರುತ್ತಿದ್ದುದು ಇವರೊಬ್ಬರಿಗೇ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಹತಾರಗಳ ಕಬ್ಬಿಣದ ಪೆಟ್ಟಿಗೆಯನ್ನು ಕಾರಿಗೆ ಹಾಕಿಕೊಂಡು ಹೊರಟರೆ ಊಟದ ಹೊತ್ತಿಗೆ ಬರುತ್ತಿದ್ದರು. ಸಂಬಳವಿಲ್ಲ, ಸಾರಿಗೆ ಭತ್ಯೆಯಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ. ಆದರೆ ಆ ಶನಿವಾರಕ್ಕಾಗಿಯೇ ಅವರು ಉಳಿದ ಆರು ದಿನ ಉಸಿರಾಡುತ್ತಿದ್ದಾರೆಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಈಗ ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಚಿಕ್ಕಂದಿನಲ್ಲಿ ನನ್ನನ್ನೂ ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು. ಆ ಗಡಿಯಾರದ ಮುಖ ಹಾಲುಬಣ್ಣದ ಗಾಜಿನದು. ನಾವಿರುತ್ತಿದ್ದುದು ಅದರ ಹಿಂದಿನ ಕೋಣೆಯಲ್ಲಿ. ಬಿಸಿಲಿಗೆ ಅಂಕಿಗಳ ನೆರಳು ಒಳಗಿನಿಂದ ತಿರುವುಮುರುವಾಗಿ ಕಾಣುತ್ತಿತ್ತು, ಮುಳ್ಳುಗಳು ಎಡಕ್ಕೆ ತಿರುಗುತ್ತಿದ್ದವು. ನಾನು ಹತಾರದ ಪೆಟ್ಟಿಗೆಯ ಮೇಲೆ ಕೂತಿರುತ್ತಿದ್ದೆ. ಅಪ್ಪ ಇದ್ದಕ್ಕಿದ್ದಂತೆ "ಗಂಟೆ ಎಷ್ಟು?" ಎನ್ನುತ್ತಿದ್ದರು. ಉಲ್ಟಾ ನೋಡಿ ಸರಿಯಾಗಿ ಹೇಳಬೇಕು. ಹೇಳಿದರೆ ತಲೆ ನೇವರಿಸುತ್ತಿದ್ದರು. ಅವರು ನನಗೆ ಕಲಿಸಿದ ವಿದ್ಯೆ ಅದೊಂದೇ.

ಈಗ ಕಾರಿನ ವಿಷಯ. ನಾನು ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಮೇಲ್ವಿಚಾರಕಿ. ಬೆಳಿಗ್ಗೆ ಆರಕ್ಕೆ ಪಾಳಿ. ಎರಡು ಬಸ್ಸು ಬದಲಾಯಿಸಬೇಕು. ಮೊದಲನೆಯದು ತಪ್ಪಿದರೆ ಎರಡನೆಯದೂ ತಪ್ಪಿತೆಂದೇ ಲೆಕ್ಕ. ಅಪ್ಪನ ಕಾರು ವಾರದ ಆರು ದಿನ ನೆಲಮಾಳಿಗೆಯಲ್ಲಿ ಹೊದ್ದುಕೊಂಡು ಮಲಗಿರುತ್ತಿತ್ತು. ನಾನು ಡ್ರೈವಿಂಗ್ ಕಲಿತೆ, ಲೈಸೆನ್ಸ್ ತಂದೆ, ಕೀ ಕೇಳಿದೆ.

"ಸೌಟಿನ ಕೈಗೆ ಸ್ಟೀರಿಂಗಾ?" ಎಂದರು ಅಪ್ಪ, ಟೀ ಲೋಟದಿಂದ ಮುಖ ಎತ್ತದೆ. "ಹೋಗಮ್ಮ, ಬಸ್ಸಿದೆ."

ನನ್ನ ಗಂಡ ಪಕ್ಕದಲ್ಲೇ ಇದ್ದರು. ಅವರು ಬಹಳ ಒಳ್ಳೆಯವರು, ಅಂದರೆ ಯಾವ ಮಾತಿಗೂ ಇಲ್ಲದವರು. ಪೇಪರಿನ ಪುಟ ತಿರುಗಿಸಿದರು.

ಮೊದಲನೆಯ ಸಲ ನಡೆದದ್ದರಲ್ಲಿ ನನ್ನ ಕೈವಾಡವಿಲ್ಲ. ಅದು ಕೀ ಜೇಬಿನಲ್ಲಿದ್ದರೆ ಸಾಕು, ಬಾಗಿಲು ತೆರೆದುಕೊಳ್ಳುವ, ಗುಂಡಿ ಒತ್ತಿದರೆ ಹೊರಡುವ ಕಾರು. ಕೀ ಅಂದರೆ ಕಪ್ಪು ಪ್ಲಾಸ್ಟಿಕ್ಕಿನ ರಿಮೋಟು, ಒಳಗೆ ನಾಣ್ಯದಷ್ಟಗಲದ ಒಂದು ಸೆಲ್ಲು. ಒಂದು ಶನಿವಾರ ಕಾರು ತೆರೆಯಲಿಲ್ಲ. ರಿಮೋಟಿನೊಳಗೆ ಅಡಗಿಸಿಟ್ಟ ಕಬ್ಬಿಣದ ಕೀಲಿಯಿಂದ ಅಪ್ಪ ಬಾಗಿಲು ತೆರೆದರೆ ಕಾರು ನೆಲಮಾಳಿಗೆಯೇ ಕಿತ್ತುಹೋಗುವಂತೆ ಅರಚಿಕೊಂಡಿತು. ವಾಚ್‌ಮನ್ ಓಡಿಬಂದ. ಅಪ್ಪ ಮೇಲೆ ಬಂದರು.

"ನಿನ್ನೆ ತಾನೇ ಸೆಲ್ ಬದಲಾಯಿಸಿದೀನಿ!"

ಬದಲಾಯಿಸಿದ್ದರು, ಸರಿ. ಆದರೆ ಮೊಳೆಗೆ ನೇತುಹಾಕಿದ್ದ ಇನ್ನೊಂದು ಕೀಗೆ. ಎರಡೂ ಒಂದೇ ಥರ. ಯಾರಿಗಾದರೂ ಆಗುವಂಥದ್ದು. ಅದನ್ನು ತೋರಿಸಿಕೊಟ್ಟವಳು ನಾನೇ. ಆಗ ಅಪ್ಪನ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. ನಲವತ್ತು ವರ್ಷದಲ್ಲಿ ಒಂದು ತಿರುಪನ್ನೂ ಅದಲುಬದಲು ಮಾಡದ ಮನುಷ್ಯ ಹೆದರಿದ್ದರು. ಅದನ್ನು ಕಂಡು ನನ್ನ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ. ಆಗ ಆಗಲಿಲ್ಲ.

ಅಪ್ಪ ತಮ್ಮ ಕೀಗೆ ಕೆಂಪು ದಾರ ಕಟ್ಟಿದರು, ಮತ್ತೆ ತಪ್ಪಾಗದಿರಲೆಂದು. ಹೊಸ ಸೆಲ್ ಹಾಕಿದರು. ಉಳಿದ ಸೆಲ್ಲುಗಳನ್ನು ಕಪಾಟಿನ ಪುಟ್ಟ ಡಬ್ಬಿಯಲ್ಲಿ ಎಣಿಸಿಟ್ಟರು. ನಾಲ್ಕು. ಸತ್ತ ಸೆಲ್ಲುಗಳ ಬಿಸ್ಕತ್ತಿನ ಡಬ್ಬಿ ಅವರ ಮಂಚದ ಕೆಳಗಿತ್ತು. ಅದು ಎಂದಿನಿಂದಲೋ ಅಲ್ಲೇ ಇದ್ದದ್ದು.

ಎರಡು ವಾರ ಕಾದೆ. ಶುಕ್ರವಾರ ಸಂಜೆ ಅವರು ವಾಕಿಂಗಿಗೆ ಹೋದಾಗ ಕೆಂಪು ದಾರದ ಕೀ ತೆಗೆದುಕೊಂಡೆ. ಅಂಚಿನ ಸೀಳಿಗೆ ತಿರುಪುಳಿಯ ಚಪ್ಪಟೆ ತುದಿ ಇಟ್ಟು ಮೆಲ್ಲಗೆ ತಿರುಗಿಸಬೇಕು, ಮೀಟಬಾರದು. ಬಾಗಿಲಲ್ಲಿ ನಿಂತು ಅದೆಷ್ಟು ಸಲ ನೋಡಿದ್ದೆನೋ. ಮುಚ್ಚಳ ತೆರೆಯಿತು. ಹೊಸ ಸೆಲ್ ತೆಗೆದು, ಮಂಚದ ಕೆಳಗಿನ ಡಬ್ಬಿಯಿಂದ ಸತ್ತದ್ದೊಂದನ್ನು ಆರಿಸಿ ಕೂರಿಸಿದೆ. ಒಂದು ಗೀರು ಬೀಳಲಿಲ್ಲ, ಕೈ ಒಂದಿಷ್ಟೂ ನಡುಗಲಿಲ್ಲ. ಅವರ ಹೊಸ ಸೆಲ್ಲನ್ನು ಬಸ್ ಸ್ಟಾಪಿನ ಕಸದ ಡಬ್ಬಿಗೆಸೆದೆ. ಅಂಥದ್ದೇ, ಕವರು ಬಿಚ್ಚದ ಇನ್ನೊಂದನ್ನು ಕೊಂಡು ತಂದು ಕಪಾಟಿನ ಡಬ್ಬಿಗೆ ಹಾಕಿದೆ. ಈಗ ಅದರಲ್ಲಿ ಐದು.

ಶನಿವಾರ ಕಾರು ಅರಚಿತು. ಅಪ್ಪ ಕೀಯನ್ನು ಗುಂಡಿಗೆ ಒತ್ತಿ ಹಿಡಿದು ಹೊರಟೇನೋ ಹೋದರು, ಸೆಲ್ ಸತ್ತರೂ ಹಾಗೆ ಹಿಡಿದರೆ ಕಾರು ಹೊರಡುತ್ತದೆಂಬ ಉಪಾಯ ಅವರಿಗೆ ಗೊತ್ತಿತ್ತು. ಮಧ್ಯಾಹ್ನ ಬಂದವರು ನೆಟ್ಟಗೆ ಕಪಾಟಿಗೆ ಹೋದರು. ಎಣಿಸಿದರು. ಮತ್ತೆ ಎಣಿಸಿದರು.

"ನಾನು ಬದಲಾಯಿಸಿದ್ನಲ್ಲಾ?"

"ಬದಲಾಯಿಸ್ತೀನಿ ಅಂದ್ರಿ ಅಪ್ಪ," ಎಂದೆ, ತರಕಾರಿ ಹೆಚ್ಚುತ್ತಾ. "ಬದಲಾಯಿಸಿದ್ದು ನಾನು ನೋಡ್ಲಿಲ್ಲ."

ಅವರು ಕೀ ಬಿಚ್ಚಿದರು. ಹಳೆಯ ಸೆಲ್ ತೆಗೆದು ಡಬ್ಬಿಗೆ ಹಾಕಿದರು, ಹೊಸದು ಹಾಕಿದರು. ಆ ರಾತ್ರಿ ಊಟಕ್ಕೆ ಕೂತಾಗ ನನ್ನನ್ನು ಸೌಟು ಎನ್ನಲಿಲ್ಲ. ಆ ಇಡೀ ವಾರ ಎನ್ನಲಿಲ್ಲ.

ನಾನು ಸುಮ್ಮನಿರಲಿಲ್ಲ. ಲಿಫ್ಟಿನಲ್ಲಿ ಸಿಕ್ಕವರಿಗೆ, ವಾಚ್‌ಮನ್ನಿಗೆ, ಫೋನು ಮಾಡಿದ ಚಿಕ್ಕಮ್ಮನಿಗೆ, "ಅಪ್ಪನಿಗೆ ಈಚೆಗೆ ಮರೆವು, ಏನು ಮಾಡೋದು, ವಯಸ್ಸಾಯ್ತಲ್ಲ" ಎಂದು ಕಣ್ಣು ಒರೆಸಿಕೊಂಡೆ. ಜನರಿಗೆ ಇಷ್ಟು ಸಾಕು. ಮಾರನೆಯ ದಿನದಿಂದ ಅವರೆಲ್ಲ ಅಪ್ಪನ ಹತ್ತಿರ ದೊಡ್ಡ ದನಿಯಲ್ಲಿ, ಒಂದೊಂದೇ ಪದ ಬಿಡಿಸಿ ಮಾತಾಡತೊಡಗಿದರು. ಅಪ್ಪನಿಗೆ ಕಿವಿ ಚೆನ್ನಾಗೇ ಇತ್ತು.

ಇನ್ನೊಂದು ಸಲ ಹಾಗೇ ಮಾಡಿದೆ. ಆ ಸಲ ಅಪ್ಪ ಗೋಪುರಕ್ಕೆ ಹೋಗಲೇ ಇಲ್ಲ. ಮೇಲೆ ಬಂದು, ಕೀ ಬಿಚ್ಚಿ, ಸೆಲ್ಲನ್ನು ಚಿಮಟದಲ್ಲಿ ಹಿಡಿದು, ವರ್ಷಗಳಿಂದ ಮುಟ್ಟದ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡರು. ಬಹಳ ಹೊತ್ತು ನೋಡಿದರು.

"ಇದರ ಮೇಲೆ ಗೆರೆ ಇದೆ," ಎಂದರು.

ನಾನು ನೋಡಿ ಕಲಿಯದಿದ್ದ ಒಂದು ಸಂಗತಿ ಅದು. ಸತ್ತ ಸೆಲ್ಲಿಗೆ ಸೂಜಿಯಿಂದ ಕೂದಲೆಳೆಯಷ್ಟು ಗೆರೆ ಎಳೆದು ಡಬ್ಬಿಗೆ ಹಾಕುವುದು ಅವರ ಅಭ್ಯಾಸವಂತೆ, ಒಳ್ಳೆಯದರ ಜೊತೆ ಬೆರೆಯಬಾರದೆಂದು.

"ಗೆರೆ ಹಾಕಿದ ಸೆಲ್ ನಾನು ಯಾವತ್ತೂ ಹಾಕಲ್ಲ," ಅಪ್ಪ ನನ್ನ ಗಂಡನ ಕಡೆ ತಿರುಗಿದರು. "ಯಾರೋ ಬದಲಾಯಿಸಿದ್ದಾರೆ. ಈ ಮನೇಲೇ ಯಾರೋ."

ಗಂಡ ನನ್ನ ಮುಖ ನೋಡಿದರು. ನಾನು ಸಮಾಧಾನವಾಗಿಯೇ ಕೇಳಿದೆ: "ಗೆರೆ ಯಾರದಪ್ಪ?"

"ನಂದೇ."

"ಡಬ್ಬಿ ಎಲ್ಲಿರೋದು?"

"ನನ್ನ ಮಂಚದ ಕೆಳಗೆ."

"ಮತ್ತೆ?"

ಅಪ್ಪ ಚಿಮಟದ ತುದಿಯ ಸೆಲ್ಲನ್ನು ಮತ್ತೆ ನೋಡಿದರು. ತಮ್ಮ ಕೈಯ ಗೆರೆಯೇ ತಮಗೆ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ನಾನು ಗಂಡನನ್ನು ಅಡುಗೆಮನೆಗೆ ಕರೆದು, ಹೊರಗೆ ಕೇಳಿಸುವಷ್ಟು ಮೆಲ್ಲಗೆ, "ಈಗ ಅನುಮಾನವೂ ಶುರುವಾಯ್ತು. ಡಾಕ್ಟರಿಗೆ ತೋರಿಸೋಣ" ಎಂದೆ.

ನಮ್ಮ ಆಸ್ಪತ್ರೆಯ ಡಾಕ್ಟರಮ್ಮ ಬಹಳ ಮೃದು ಸ್ವಭಾವದವಳು. ನಾನು ಮೊದಲೇ ಒಳಗೆ ಹೋಗಿ ಎಲ್ಲ ಹೇಳಿದ್ದೆ. ಅಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಗೆರೆಯ ಸೆಲ್ಲನ್ನು ಕಾಗದದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಕೂತ ತಕ್ಷಣ ಅದನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ಡಾಕ್ಟರಮ್ಮ ಅದನ್ನು ನೋಡಿ, "ಆಯ್ತು ಅಜ್ಜ, ಅದನ್ನ ಆಮೇಲೆ ನೋಡೋಣ" ಎಂದು ಪಕ್ಕಕ್ಕೆ ಸರಿಸಿದಳು. ಅಪ್ಪನ ಕುತ್ತಿಗೆ ಕೆಂಪಾಯಿತು.

ತಾರೀಖು ಕೇಳಿದಳು, ಸರಿಯಾಗಿ ಹೇಳಿದರು. ನೂರರಿಂದ ಏಳೇಳು ಕಳೆಯಿರಿ ಎಂದಳು, ಪಟಪಟನೆ ಕಳೆದರು. ಆಮೇಲೆ ಒಂದು ಬಿಳಿ ಹಾಳೆ ಕೊಟ್ಟು, "ಒಂದು ಗಡಿಯಾರ ಬರೀರಿ ಅಜ್ಜ. ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸ್ಲಿ" ಎಂದಳು.

ಗಡಿಯಾರ! ಅಪ್ಪನಿಗೆ! ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಅಪ್ಪ ಪೆನ್ಸಿಲ್ ಹಿಡಿದು ಕಣ್ಣು ಮುಚ್ಚಿಕೊಂಡರು. ಕೈ ಸಿಟ್ಟಿನಿಂದ ಅದುರುತ್ತಿತ್ತು. ಅದನ್ನು ಹತೋಟಿಗೆ ತರಲು ಅವರು ಮನಸ್ಸಿನಲ್ಲೇ ಎಲ್ಲಿಗೆ ಹೋದರೆಂದು ನನಗೆ ಆಗಲೇ ಹೊಳೆಯಬೇಕಿತ್ತು. ಕಣ್ಣು ತೆರೆದು ಒಂದೇ ಎಳೆತಕ್ಕೆ ದುಂಡಗೆ ವೃತ್ತ ಬರೆದರು. ಮೇಲೆ ಹನ್ನೆರಡು. ಅದರ ಎಡಕ್ಕೆ ಒಂದು, ಎರಡು, ಮೂರು. ಬಲಕ್ಕೆ ಹನ್ನೊಂದು, ಹತ್ತು, ಒಂಬತ್ತು. ಒಂದೊಂದು ಅಂಕಿಯೂ ತಿರುವುಮುರುವು. ಅಂಗಡಿ ಮುಚ್ಚಿದ ಮೇಲೆ ಹನ್ನೊಂದು ವರ್ಷದಿಂದ ಅವರು ಮುಟ್ಟುತ್ತಿದ್ದುದು ಗೋಪುರದ ಆ ಒಂದೇ ಗಡಿಯಾರವನ್ನು, ಅದೂ ಒಳಗಿನಿಂದ. ಮುಳ್ಳು ಎಳೆದು, ಪೆನ್ಸಿಲ್ ಇಟ್ಟು, ತಲೆ ಎತ್ತಿ ಕೂತರು.

ಎದುರಿನಿಂದ ನೋಡಿದವರಿಗೆ ಅದು ಹನ್ನೆರಡು ಐವತ್ತು. ಡಾಕ್ಟರಮ್ಮ ಹಾಳೆಯನ್ನು ನೋಡಿದಳು, ನನ್ನನ್ನು ನೋಡಿದಳು. ಅವಳ ಕಣ್ಣಲ್ಲಿ ನಿಜವಾದ ಮರುಕವಿತ್ತು.

ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿ ಡಾಕ್ಟ್ರೇ. ಇಷ್ಟು ಹೇಳಿದ್ದರೆ ಸಾಕಿತ್ತು. ಹನ್ನೊಂದು ಹತ್ತು, ಒಂದು ಕೂದಲೂ ಆಚೀಚೆ ಇರಲಿಲ್ಲ. ಆ ಕೋಣೆಯಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ. ಓದಿದೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಬಿಕ್ಕಿದ ಹಾಗೆ ಮಾಡಿದೆ.

"ಇನ್ನು ಮೇಲೆ ಗಾಡಿ ಓಡಿಸೋದು ಬೇಡ ಅಜ್ಜ," ಎಂದಳು ಡಾಕ್ಟರಮ್ಮ.

ಹಿಂದಿರುಗುವಾಗ ಕಾರು ಓಡಿಸಿದ್ದು ನಾನು. ಅಪ್ಪ ಪಕ್ಕದಲ್ಲಿ ಕೂತಿದ್ದರು. ಎರಡು ಸಿಗ್ನಲ್ ದಾಟಿದ ಮೇಲೆ, "ಒಳಗಿನಿಂದ ಬರೆದುಬಿಟ್ಟೆ," ಎಂದರು. ಮೂರನೆಯ ಸಿಗ್ನಲ್ಲಿನಲ್ಲಿ, "ನಿನಗೆ ಗೊತ್ತಾಯ್ತಲ್ಲ?" ಎಂದರು.

"ಏನಪ್ಪ?" ಎಂದೆ.

ಅವರು ನನ್ನ ಕಡೆ ತಿರುಗಿ ನೋಡಿದರು. ಆಮೇಲೆ ರಸ್ತೆ ನೋಡಿದರು.

ಮರುದಿನ ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ಅಪ್ಪ ಕೀ ತಂದುಕೊಟ್ಟರು. ಕೆಂಪು ದಾರ ಬಿಚ್ಚಿದ್ದರು. "ಹೊಸ ಸೆಲ್ ಹಾಕಿದೀನಿ. ಒಂದು ವರ್ಷದ ಮೇಲೆ ಬರುತ್ತೆ. ದಾರೀಲಿ ಕೈಕೊಡಲ್ಲ," ಎಂದರು. ನಾನು ಥ್ಯಾಂಕ್ಸ್ ಎಂದೆ. ಕಾರು ಒಳ್ಳೆಯದಿತ್ತು. ಆರಕ್ಕೆ ಹತ್ತು ನಿಮಿಷ ಮುಂಚೆ ಕೆಲಸದಲ್ಲಿದ್ದೆ.

ಗೋಪುರದ ಗಡಿಯಾರ ಮುಂದಿನ ವಾರ ನಿಂತಿತು. ಮೂರು ತಿಂಗಳಿಗೆ ಅದನ್ನು ಕಿತ್ತು ಕರೆಂಟಿನದು ಹಾಕಿದರು. ಅಪ್ಪ ಶನಿವಾರಗಳಂದು ಒಂಬತ್ತಕ್ಕೆ ಶರ್ಟು ಹಾಕಿಕೊಂಡು ಬಾಗಿಲ ಬಳಿ ಕೂರುತ್ತಿದ್ದರು. ಆಮೇಲೆ ಎಲ್ಲ ದಿನವೂ ಕೂರತೊಡಗಿದರು. ಸುಳ್ಳು ರೋಗಕ್ಕೆ ಬರೆಸಿದ ಮಾತ್ರೆ ಅಷ್ಟರಲ್ಲಿ ನಿಜವಾದ ರೋಗಕ್ಕೆ ಬಂತು. ಮೊದಲು ಚಿಕ್ಕಮ್ಮನನ್ನು ಮರೆತರು, ಆಮೇಲೆ ನನ್ನ ಗಂಡನನ್ನು, ಆಮೇಲೆ ಅಮ್ಮ ಸತ್ತದ್ದನ್ನು. ನನ್ನನ್ನು "ಬನ್ನಿ, ಕೂತ್ಕೊಳ್ಳಿ" ಎಂದು ಬಹುವಚನದಲ್ಲಿ ಕರೆಯತೊಡಗಿದರು. ಸೌಟು ಎಂದಾದರೂ ಕರೆಯಲಿ ಎಂದು ನಾನು ಕಾಯುತ್ತಿದ್ದೆ, ನಂಬುವುದಾದರೆ ನಂಬಿ.

ಹೋದ ಭಾನುವಾರ ಕಾರಿನಲ್ಲಿ ಕೀಯ ಬ್ಯಾಟರಿ ಮುಗಿಯುತ್ತಿದೆ ಎಂದು ದೀಪ ಬಂತು. ಊಟದ ಮೇಜಿನ ಮೇಲೆ ಪೇಪರು ಹಾಸಿ ಬಿಚ್ಚಲು ಕೂತೆ. ಅಪ್ಪ ಎದುರಿಗೆ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು. ಚಪ್ಪಟೆ ತುದಿ ಇಟ್ಟು ಮೆಲ್ಲಗೆ ತಿರುಗಿಸಿದೆ. ಮುಚ್ಚಳ ಬಂತು. ಒಳಗಡೆ ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಏನೋ ಬೆಳ್ಳಗೆ ಗೀಚಿತ್ತು.

ಅಪ್ಪನ ಭೂತಗನ್ನಡಿ ತಂದು ಕಣ್ಣಿಗೆ ಹಿಡಿದೆ. ಡಾಕ್ಟರ ಬಳಿ ಹೋಗಿಬಂದ ಮರುದಿನದ ತಾರೀಖು. ಅಂಕಿಗಳು ಒಂದೊಂದೂ ಮುತ್ತು, ನಡುಕವೇ ಇಲ್ಲ. ಕೆಳಗೆ ಎರಡು ಚುಕ್ಕೆ.

ಮನೆಯದಕ್ಕೆ ಗುರುತು ಹಾಕುವವರಲ್ಲ ಅವರು. ಆ ಬೆಳಿಗ್ಗೆ, ನಾನು ಒಳಗೆ ತಲೆ ಬಾಚಿಕೊಳ್ಳುತ್ತಿದ್ದಾಗ, ಅಪ್ಪ ಈ ಮೇಜಿನ ಹತ್ತಿರ ಕೂತು ನನ್ನನ್ನು ಹೊರಗಿನವರ ಪಟ್ಟಿಗೆ ಸೇರಿಸಿದ್ದರು. ಆಮೇಲೆ ಎದ್ದು ಬಂದು ದಾರಿಯಲ್ಲಿ ಕೈಕೊಡಲ್ಲ ಎಂದಿದ್ದರು.

"ನಿಮಗೆ ಗೊತ್ತಿತ್ತಾ?" ನಾನು ಕಿರುಚಿಯೇಬಿಟ್ಟೆ. "ಗೊತ್ತಿದ್ದೂ ಯಾಕೆ ಬಾಯಿ ಬಿಡ್ಲಿಲ್ಲ? ಯಾಕೆ ನನ್ನ ಮುಖಕ್ಕೆ ಉಗೀಲಿಲ್ಲ ಅಪ್ಪ?"

ಅಪ್ಪ ಗಾಬರಿಯಾಗಿ ಬಾಗಿಲ ಕಡೆ ನೋಡಿದರು, ಬೇರೆ ಯಾರಾದರೂ ಕೇಳಿಸಿಕೊಂಡಾರೆಂಬಂತೆ. ಆಮೇಲೆ ನನ್ನ ಕಡೆ ಬಾಗಿ, ಗುಟ್ಟು ಹೇಳುವವರ ಹಾಗೆ ದನಿ ತಗ್ಗಿಸಿದರು.

"ಗಿರಾಕಿ ಮುಖಕ್ಕೆ ಹೇಳಬಾರದು. ಹೇಳಿದ್ರೆ ಮತ್ತೆ ಬರಲ್ಲ."

ಹೊಸ ಸೆಲ್ ಕೂರಿಸಿದೆ. ಮುಚ್ಚಳ ಒತ್ತಿದೆ. ಟಿಕ್ಕೆಂದು ಒಂದೇ ಸಲಕ್ಕೆ ಕೂತಿತು. ಅಪ್ಪ ಕೈ ಚಾಚಿ, ಕೀ ತೆಗೆದುಕೊಂಡು, ಅಂಚಿನುದ್ದಕ್ಕೂ ಹೆಬ್ಬೆರಳ ಉಗುರು ಆಡಿಸಿ ನೋಡಿದರು.

"ಎಷ್ಟು ಚೆನ್ನಾಗಿ ಕೂರಿಸಿದ್ರಿ," ಎಂದರು. "ಒಳ್ಳೆ ಕೈ ನಿಮ್ದು. ಯಾರ ಹತ್ರ ಕಲಿತ್ರಿ?"

ನಲವತ್ತು ವರ್ಷ ನಾನು ಕಾದ ಮಾತು ಅದು.

"ನಮ್ಮಪ್ಪನ ಹತ್ರ," ಎಂದೆ.

"ಹೌದಾ? ಇದ್ದಾರಾ ಅವರು?"

ಅದಕ್ಕೊಂದಕ್ಕೆ ನನ್ನ ಹತ್ತಿರ ಸುಳ್ಳು ಸಿದ್ಧವಿರಲಿಲ್ಲ.